ಅತ್ತೆಯ ಎಕ್ಸ್‌ರೇ ಮತ್ತು ನಮ್ಮ ನೆಲ

ಟೈಲ್ಸ್ ಹಾಕುವ ಮೇಸ್ತ್ರಿ ಬರುತ್ತಾನೆಂದು ನಿನ್ನೆ ನಡುಮನೆ ಖಾಲಿ ಮಾಡುತ್ತಿದ್ದೆ. ಅಲಮಾರಿಯನ್ನು ಗೋಡೆಯಿಂದ ಸರಿಸಿದಾಗ ಅದರ ಹಿಂದಿನಿಂದ ಒಂದು ಹಾಳೆ ಜಾರಿ ಬಿತ್ತು. ಧೂಳು ಕೊಡವಿ ಕಿಟಕಿಗೆ ಹಿಡಿದೆ. ಎಕ್ಸ್‌ರೇ ಹಾಳೆ. ಒಂದು ಬಲಗೈ, ಐದು ಬೆರಳು, ಮಣಿಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಆ ಕೈಯ ನಟ್ಟನಡುವೆ ಎಂಟು ಎಸಳಿನ ಹೂವಿನಂತೆ ಕೊರೆದ ತೂತುಗಳು, ಅವುಗಳ ಅಂಚಿಗೆ ಒಣಗಿ ಗಟ್ಟಿಯಾದ ಬಿಳಿ ಬಣ್ಣ. ನೀವು ನೋಡಿದ್ದರೆ ಯಾರೋ ಮಾಟ ಮಾಡಿಸಿದ್ದಾರೆಂದು ಹೆದರುತ್ತಿದ್ದಿರಿ. ಮಾಟವೇನಲ್ಲ, ಕೊರೆದವಳು ನಾನೇ. ಕೈ ಮಾತ್ರ ನಮ್ಮತ್ತೆಯದು.

ಅತ್ತೆ ಹುಲಿಗೆಮ್ಮನವರು ದೇವದುರ್ಗದ ಕಡೆಯ ಗಬ್ಬೂರಿನವರು. ಕುರಿ ಸಾಕಿದ ಮನೆ, ಮಣ್ಣಿನ ನೆಲ. ಶುಕ್ರವಾರ ಬಂತೆಂದರೆ ಇಡೀ ಮನೆ ಸಗಣಿಯಿಂದ ಸಾರಿಸಿ, ಗೋಡೆಗುಂಟ ಕೆಮ್ಮಣ್ಣಿನ ಅಂಚು ಎಳೆದು, ದೇವರ ಮಾಡದ ಮುಂದೆ ಎಂಟೆಸಳಿನ ಹೂವು ಹಾಕುತ್ತಿದ್ದರು. ಚುಕ್ಕಿ ಇಡುವ ಗೋಜಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವಿಂದ ಪುಡಿ ಇಳಿದದ್ದೇ ಗೊತ್ತಾಗುತ್ತಿರಲಿಲ್ಲ, ಹೂವು ಅರಳಿರುತ್ತಿತ್ತು.

ನಾನು ರಾಯಚೂರಿನಲ್ಲೇ ಹುಟ್ಟಿ ಬೆಳೆದವಳು, ಶಾಲೆಯ ಮೇಷ್ಟ್ರಮ್ಮ ಬೇರೆ. ಮದುವೆಯಾದ ಮೊದಲ ಶುಕ್ರವಾರ ಗಬ್ಬೂರಿನ ಮನೆಯಲ್ಲಿ, ನಾನೇನು ಕಡಿಮೆ ಎಂದು ಸಗಣಿಯ ಬುಟ್ಟಿ ಹಿಡಿದು ಬಾಗಿಲಿಂದಲೇ ಶುರು ಮಾಡಿದೆ. ಸಾರಿಸುತ್ತ ಸಾರಿಸುತ್ತ ಒಳಗೆ ಹೋಗಿ ಕೊನೆಗೆ ಮೂಲೆ ಸೇರಿದೆ. ಹಿಂದೆ ಗೋಡೆ, ಮುಂದೆ ಹಸಿ ನೆಲ. ಅತ್ತೆ ಹೊಸ್ತಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಒಣಗೋತನ ಅಲ್ಲೇ ಕುಂದ್ರು ಟೀಚರವ್ವ. ಗೋಡಿಗೆ ಪಾಠ ಹೇಳ್ಕೊಂತ ಕುಂದ್ರು."

ಆಮೇಲೆ ಕಲಿಸಿಕೊಟ್ಟರು. ಬಾಗಿಲಿಂದ ಒಳಗಿನವರೆಗೆ ಒಬ್ಬರು ನಡೆಯುವಷ್ಟು ದಾರಿ ಬಿಟ್ಟು, ಎರಡೂ ಬದಿ ಮೊದಲು ಸಾರಿಸಬೇಕು. ಅದು ಒಣಗಿದ ಮೇಲೆ ದಾರಿಯನ್ನು ಹಿಂದಹಿಂದಕ್ಕೆ ಸಾರಿಸುತ್ತ ಹೊರಗೆ ಬರಬೇಕು. "ಬಂದೋರು ಹೊರಗ ನಿಂದರಬಾರದವ್ವಾ" ಎಂದಿದ್ದರು. ಪರೀಕ್ಷೆಗೆ ಬಾರದ ಪಾಠವನ್ನು ಮಕ್ಕಳು ಮರೆಯುವಂತೆ ನಾನೂ ಮರೆತೆ.

ವರ್ಷಗಳು ಕಳೆದವು. ಮಾನ್ವಿಯಲ್ಲಿರುವ ತಮ್ಮ ಮಗಳ ಮನೆಯಲ್ಲಿ ಮುಖ ಕಾಣುವಂಥ ಟೈಲ್ಸಿನ ಮೇಲೆ ಅತ್ತೆ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಡಾಕ್ಟರಿಗೆ ತೋರಿಸಲು ರಾಯಚೂರಿಗೆ ಬಂದವರು ನಮ್ಮಲ್ಲೇ ಉಳಿದರು. ಮೂಳೆ ಕೂಡಿತು. ಆದರೆ ಹೆಬ್ಬೆರಳು ತೋರುಬೆರಳು ಮೊದಲಿನಂತೆ ಕೂಡಲಿಲ್ಲ, ಚಿಟಿಕೆಯಲ್ಲಿ ಪುಡಿ ನಿಲ್ಲಲಿಲ್ಲ. ಶುಕ್ರವಾರ ಬೆಳಿಗ್ಗೆ ನಡುಮನೆಯ ತಮ್ಮ ಮಂಚದ ಮೇಲೆ ಕೂತು ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು.

ಎಕ್ಸ್‌ರೇ ಹಾಳೆಯೆಂದರೆ ಮಾತ್ರ ಅವರಿಗೆ ಎಲ್ಲಿಲ್ಲದ ಅಕ್ಕರೆ. ಹಾಸಿಗೆಯ ಕೆಳಗೆ ಜೋಪಾನವಾಗಿ ಇಟ್ಟುಕೊಂಡು, ಬಂದವರಿಗೆಲ್ಲ ಕಿಟಕಿಗೆ ಹಿಡಿದು ತೋರಿಸುವರು. "ನೋಡ್ರಿ, ನನ್ನ ಕೈ. ಒಳಗ ಹಿಂಗ ಅದ." ಹಾಲಿನವನಿಗೂ ತೋರಿಸಿದ್ದಾರೆ.

ಒಂದು ಮಾತು ಮಾತ್ರ ನನ್ನನ್ನು ಚುಚ್ಚುತ್ತಿತ್ತು. "ನಿಮ್ಮ ಮನ್ಯಾಗ ಉಪ್ಪು ಎಲ್ಲಿಡ್ತೀರಿ?" "ನಿಮ್ಮ ಮನಿ ಬಾಗಲಾ ಯಾರೋ ಬಡ್ಯಾಕತ್ತಾರ." ಒಂದು ತಿಂಗಳು ಸರಿ, ಎರಡು ತಿಂಗಳು ಸರಿ. ವರ್ಷ ಕಳೆದರೂ ನಿಮ್ಮ ಮನಿ, ನಿಮ್ಮ ಮನಿ. ಒಮ್ಮೆಯಾದರೂ ಅವರ ಬಾಯಲ್ಲಿ "ನಮ್ಮ ಮನಿ" ಎಂದು ಕೇಳಬೇಕೆಂಬ ಹಟ ಹಿಡಿಯಿತು ನನಗೆ. ಪ್ರೀತಿ ಎಷ್ಟಿತ್ತು, ಹಟ ಎಷ್ಟಿತ್ತು ಎಂದು ಕೇಳಬೇಡಿ.

ದಸರಾ ರಜೆ ಬಂತು. ಅತ್ತೆ ಮಾನ್ವಿಗೆ ಮಗಳ ಮನೆಗೆ ಹೋದರು. ನಮ್ಮ ನಡುಮನೆಯದು ಬೂದುಬಣ್ಣದ ಸಿಮೆಂಟಿನ ನೆಲ. ಅದಕ್ಕೆ ಕೆಮ್ಮಣ್ಣಿನ ಬಣ್ಣ ಬಳಿದು, ಮೇಲೆ ಗಬ್ಬೂರಿನ ಬಿಳಿ ಹೂವು ಹಾಕಿ, ಅವರು ಬಂದಾಗ ಬೆರಗಾಗುವಂತೆ ಮಾಡಬೇಕೆಂದುಕೊಂಡೆ. ಫೋನಿನಲ್ಲಿ ನೋಡಿದ ವೀಡಿಯೊದಲ್ಲಿ ಯಾರೋ ಹೆಂಗಸು ಐದು ನಿಮಿಷದಲ್ಲಿ ಇಡೀ ನೆಲ ಮುಗಿಸಿ, ಕೂದಲೂ ಕೆದರದೆ ನಗುತ್ತ ನಿಂತಿದ್ದಳು. ನನಗೆ ಒಂಬತ್ತು ದಿನ ಹಿಡಿಯಿತು. ಕೂದಲಿನ ಮಾತು ಬೇಡ.

ಪೇಟೆಯಲ್ಲಿ ಸಿಗುವ ರಂಗೋಲಿ ಅಚ್ಚುಗಳು ಅಂಗೈಯಗಲದವು. ನಮ್ಮ ಶಾಲೆಯ ಬೆಂಚುಗಳಿಗೆ ನಂಬರು ಹಾಕುವ ಪೇಂಟರ್ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಂಕಿ ಕೊರೆದು ಬಳಿಯುವುದು ನೆನಪಾಯಿತು. ಮನೆಯಲ್ಲಿದ್ದದ್ದು ಒಂದೇ ಹಾಳೆ. ಪ್ಲಾಸ್ಟರ್ ಬಿಚ್ಚಿ ವರ್ಷವಾಯಿತು, ಇನ್ನೇಕೆ ಇದು ಎಂದು ಹಾಸಿಗೆಯ ಕೆಳಗಿನಿಂದ ತೆಗೆದು ಬ್ಲೇಡಿನಿಂದ ಎಂಟು ಎಸಳು ಕೊರೆದುಬಿಟ್ಟೆ.

ಮೊದಲ ಹೂವಿಗೆ ಸ್ಪಂಜಿನ ತುಂಬ ಬಣ್ಣ ಅದ್ದಿದ್ದೆ. ಹಾಳೆ ಎತ್ತಿದರೆ ಬಣ್ಣವೆಲ್ಲ ಅಡಿಗೆ ಹರಿದು ಹೂವು ಹೋಗಿ ಹೂಕೋಸಾಗಿತ್ತು. ಸ್ಪಂಜು ಬಹುತೇಕ ಒಣಗಿರಬೇಕು, ಒರೆಸಬಾರದು, ಮೆಲ್ಲಗೆ ಒತ್ತಬೇಕು, ಪ್ರತಿ ಸಲ ಹಾಳೆಯ ಅಡಿ ಒರೆಸಬೇಕು ಎಂದು ಕಲಿಯಲು ಎರಡು ದಿನ ಬೇಕಾಯಿತು. ಆಮೇಲೆ ಹೂವಿನ ಪಕ್ಕ ಹೂವು, ಗೋಡೆಗುಂಟ ಗೇಣಗಲ ಬಿಟ್ಟು ನೆಲದ ತುಂಬ. ಈ ಸಲ ಮೂಲೆಯಿಂದ ಶುರು ಮಾಡಿ ಬಾಗಿಲಿಗೇ ಬಂದು ಮುಗಿಸಿದೆ. ಎಷ್ಟು ಜಾಣೆಯಾಗಿದ್ದೇನೆ ಎಂದು ಬೀಗಿದೆ ಕೂಡ.

ಅತ್ತೆ ಬಂದರು. ಕೈಯಲ್ಲಿ ಚೀಲ ಹಿಡಿದೇ ಹೊಸ್ತಿಲಲ್ಲಿ ನಿಂತುಬಿಟ್ಟರು.

"ಇದು ದೇವರ ಮುಂದಿನ ಹೂವಲ್ಲೇನು?"

"ಹೌದ್ರಿ ಅತ್ತಿ, ನಿಮ್ದೇ ಹೂವು."

"ತುಳಿಯೋದು ಹ್ಯಾಂಗವ್ವಾ?"

ನಾನು ನಕ್ಕೆ. "ಇದು ಬರೇ ಬಣ್ಣರೀ."

"ರಂಗೋಲಿಗೆ ಪುಡಿ ಏನು, ಬಣ್ಣ ಏನು" ಎಂದವರೇ ಚಪ್ಪಲಿ ಬಿಟ್ಟು, ಗೋಡೆಗೆ ಅಂಗೈ ಊರಿ, ಹೂವಿಗೂ ಗೋಡೆಗೂ ನಡುವೆ ಉಳಿದ ಗೇಣಗಲದ ಜಾಗದಲ್ಲಿ ಅಡ್ಡಡ್ಡ ಹೆಜ್ಜೆ ಇಡುತ್ತ ಮಂಚ ಮುಟ್ಟಿದರು. ನೀರಿಗೂ ಹಾಗೆಯೇ, ಬಚ್ಚಲಿಗೂ ಹಾಗೆಯೇ. ಅವರಿಗಾಗಿ ಮಾಡಿದ ನೆಲದಲ್ಲಿ ಅವರಿಗೇ ಕಾಲಿಡಲು ಜಾಗವಿರಲಿಲ್ಲ.

ನಾಲ್ಕನೆಯ ದಿನ ಕುರ್ಚಿಯ ಕಾಲು ಎಡವಿದರು. ಪರದೆ ಹಿಡಿದುಕೊಂಡರು, ಪರದೆ ಕಿತ್ತು ಬಂತು. ನಾನು ಓಡಿ ಹಿಡಿಯದಿದ್ದರೆ ಬಿದ್ದೇ ಬಿಡುತ್ತಿದ್ದರು. ಹೆದರಿಕೆ ನನ್ನ ಬಾಯಲ್ಲಿ ಸಿಟ್ಟಾಗಿ ಹೊರಬಿತ್ತು.

"ಇನ್ನೊಂದು ಕೈ ಮುರ್ಕೊಳ್ಳೋರೇನು? ನಿಮಗಂತನ ಮೊಣಕಾಲು ಸವೆಸಿ ಮಾಡೀನಿ ಇದನ್ನ!"

ಅತ್ತೆ ನನ್ನ ಕೈ ಬಿಡಿಸಿಕೊಂಡರು. ಮಂಚದ ಮೇಲೆ ಕೂತು, ಹಾಸಿಗೆಯ ಕೆಳಗೆ ತಡಕಾಡಿದರು.

"ಎಲ್ಲದ ನನ್ನ ಕೈ?"

ನನ್ನ ಸಿಟ್ಟು ಜರ್‍ರನೆ ಇಳಿಯಿತು. ಹಾಳೆ ತಂದು ಕೊಟ್ಟೆ. ಕಿಟಕಿಗೆ ಹಿಡಿದರು. ಎಂಟು ಎಸಳುಗಳಿಂದ ಬಿಸಿಲು ತೂರಿ ಅವರ ಮುಖದ ಮೇಲೆ ಬಿತ್ತು.

"ನನ್ನ ಕೈಗೆ ತೂತು ಹಾಕೀಯಲ್ಲವ್ವಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಅವರ ಹೂವನ್ನು ಕೇಳದೆ ತಂದಿದ್ದೆ, ಅವರ ಕೈಯನ್ನೂ ಕೇಳದೆ ಕೊರೆದಿದ್ದೆ. ಅಷ್ಟು ಮಾಡಿ, ಅವರು ನಮ್ಮ ಮನಿ ಎನ್ನಲಿಲ್ಲವೆಂದು ಕೊರಗುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಚಿಟಿಕೆ ಹಿಡಿಯಲಾರದ ಆ ತೋರುಬೆರಳು ತೂತಿನ ಅಂಚುಗುಂಟ ಒಂದೊಂದೇ ಎಸಳನ್ನು ಸುತ್ತುತ್ತಿತ್ತು. ಎಂಟನ್ನೂ ಸುತ್ತಿ ಮುಗಿಸಿದರು.

"ಎಸಳು ಚಲೋ ಬಂದಾವ. ಆದ್ರ ದಾರಿ ಬಿಡಬೇಕಿತ್ತು. ಅವತ್ತು ಮೂಲ್ಯಾಗ ಕುಂತಾಕಿಗೆ ಇನ್ನಾ ಬುದ್ಧಿ ಬಂದಿಲ್ಲ ನೋಡು."

ನನಗೆ ನಗುವೂ ಬಂತು, ಅಳುವೂ ಬಂತು.

ಮರುದಿನ ಮತ್ತೆ ಕೆಂಪು ಬಣ್ಣ ತಂದೆ. ಬಾಗಿಲಿಂದ ಅವರ ಮಂಚಕ್ಕೆ, ಮಂಚದಿಂದ ಅಡುಗೆಮನೆಗೆ, ಎರಡಡಿ ಅಗಲದ ದಾರಿ. ದಾರಿಗೆ ಬಂದ ಹೂವುಗಳನ್ನೆಲ್ಲ ನಾನೇ ಮುಚ್ಚಿದೆ. ಅತ್ತೆ ಮಂಚದ ಮೇಲಿಂದ ಹುಕುಂ ಮಾಡುತ್ತಿದ್ದರು. "ಅರ್ಧಾ ಎಸಳ ಬಿಡಬ್ಯಾಡ, ಪೂರಾ ಮುಚ್ಚು." ಬಣ್ಣ ಒಣಗಿದ ಮೇಲೆ ಎದ್ದು, ಗೋಡೆ ಮುಟ್ಟದೆ, ನಡುಮನೆಯ ನಡುವೆ ನಡೆದು ಅಡುಗೆಮನೆಗೆ ಬಂದು, ಚಹಾ ಆಯ್ತೇನು ಎಂದು ಕೇಳಿದರು.

ಒಂದು ವಾರದ ಮೇಲೆ ಪಕ್ಕದ ಮನೆಯಾಕೆ ಬಂದು, ನೆಲ ನೋಡಿ ಬಾಗಿಲಲ್ಲೇ ನಿಂತಳು. ನಾನು ಒಳಗೆ ಹಾಲು ಕಾಯಲು ಇಟ್ಟಿದ್ದೆ. ಅತ್ತೆಯ ದನಿ ಕೇಳಿಸಿತು.

"ಬಾ ಬೇ, ಯಾಕ ನಿಂತಿ? ದಾರಿ ಅದ, ಬಾ. ನಮ್ಮ ಮನಿ ನೆಲ ಹ್ಯಾಂಗದ ನೋಡು. ನನ್ನ ಕೈಲೇ ಹಾಕಿದ್ದು."

ಹೇಳಿದ್ದಕ್ಕೆ ಸಾಕ್ಷಿಯಾಗಿ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದಿರಬೇಕು. ಒಂಬತ್ತು ದಿನ ಮೊಣಕಾಲೂರಿದವಳು ನಾನು, ಹೆಸರು ಅವರಿಗೆ. ಹಾಲು ಉಕ್ಕಿ ಒಲೆಯ ತುಂಬ ಹರಿಯಿತು, ನಾನು ಅದನ್ನೇ ನೋಡುತ್ತ ನಿಂತೆ.

ಅತ್ತೆ ಹೋಗಿ ಎರಡು ವರ್ಷ. ನೆಲ ಅಲ್ಲಲ್ಲಿ ಬಿರಿದಿದೆ, ಜಾರದ ಟೈಲ್ಸ್ ಬಂದಿವೆ ಎಂದು ನಮ್ಮವರು ಒಪ್ಪಿಸಿದರು. ನಿನ್ನೆ ಸಾಮಾನೆಲ್ಲ ಹೊರಗಿಟ್ಟ ಮೇಲೆ ಬರಿದಾದ ನೆಲ ನೋಡಿದೆ. ದಾರಿಯ ಕೆಂಪು ಸವೆದು ಸಿಮೆಂಟು ಕಾಣುತ್ತಿದೆ. ಎರಡೂ ಬದಿಯ ಹೂವುಗಳು ಮೊನ್ನೆ ಹಾಕಿದಂತಿವೆ. ಇಷ್ಟು ವರ್ಷ ನಮ್ಮಲ್ಲಿ ಒಬ್ಬರೂ ಅವನ್ನು ತುಳಿದಿರಲಿಲ್ಲ.

ಇವತ್ತು ಬೆಳಿಗ್ಗೆ ಗಿಲ್ಲೆಸುಗೂರಿನ ಮೇಸ್ತ್ರಿ ಬಂದ. "ಟೀಚರ್ರೀ, ಒಳಗಿಂದ ಒಂದ ಸಲ ಟೈಲ್ಸ್ ಹಾಕ್ಕೊಂತ ಬರ್ತೀವಿ. ಎರಡು ದಿನ ಯಾರೂ ಒಳಗ ಬರಬ್ಯಾಡ್ರಿ" ಎಂದ.

"ಹಂಗ ಬ್ಯಾಡಪ್ಪಾ. ನಡುವ ದಾರಿ ಬಿಟ್ಟು ಎರಡೂ ಕಡೆ ಮೊದಲು ಮಾಡ್ರಿ. ದಾರಿ ಕಡೀಕ ಮಾಡ್ರಿ. ಬಂದೋರು ಹೊರಗ ನಿಂದರಬಾರದು."

ಮೇಸ್ತ್ರಿ ತಲೆ ಕೆರೆದುಕೊಂಡ. "ಎರಡು ಕೆಲಸ ಆತದಲ್ರೀ. ಇದ್ಯಾವ ಪದ್ಧತಿ?"

"ನಮ್ಮ ಮನಿ ಪದ್ಧತಿ" ಎಂದೆ.

ಮೇಸ್ತ್ರಿ ದಾರಿಯ ಎರಡೂ ಬದಿಗೆ ದಾರ ಹಿಡಿದು ಗುರುತು ಹಾಕತೊಡಗಿದ. ಇನ್ನೆರಡು ದಿನದಲ್ಲಿ ಹೂವುಗಳು ಟೈಲ್ಸಿನ ಅಡಿಗೆ ಹೋಗುತ್ತವೆ. ಅತ್ತೆಗೆ ಬೇಸರವಾಗಲಿಕ್ಕಿಲ್ಲ, ರಂಗೋಲಿಯೆಂದರೆ ಅಳಿಸಿ ಮತ್ತೆ ಹಾಕುವಂಥದ್ದು ಅವರಿಗೆ. ನಾನು ಎಕ್ಸ್‌ರೇ ಹಾಳೆಯನ್ನು ಸೆರಗಿನಿಂದ ಒರೆಸಿ, ಒಳಗೆ ಒಯ್ದು, ನನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡೆ.