ಮೇಲೂರು ಇದನ್ನು ಒಪ್ಪುವುದಿಲ್ಲ

ಮೊನ್ನೆ ಫೋನಿನಲ್ಲಿ ಟೈಪು ಮಾಡಲು ಕಲಿತೆ. ಕಲಿತ ದಿನವೇ ಅದು ನನ್ನ ಹೆಸರಿಗೆ ಎರಡು ಖಾನೆ ತೋರಿಸಿತು, ಒಂದು ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಎರಡನೆಯದಕ್ಕೆ ಊರು ತುಂಬಲೇ ಎನಿಸಿ ನಗು ಬಂತು.

ಎಂಬತ್ತರ ದಶಕದಲ್ಲಿ ನಾನು ಚಿಂತಾಮಣಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಕಾಲೇಜಿನ ಮೇಷ್ಟ್ರುಗಳು ರೇಷ್ಮೆಯ ಬಗ್ಗೆ ತರುತ್ತಿದ್ದ ಸಂಶೋಧನಾ ಪತ್ರಿಕೆ ನಮ್ಮಲ್ಲೇ ಅಚ್ಚಾಗುತ್ತಿತ್ತು. ಹೊಸ ಸಂಪಾದಕರಿಗೆ ಅದರ ಹಳೇ ರೂಪ ಹಿಡಿಸಲಿಲ್ಲ. ಪುಟಕ್ಕೆ ಎರಡು ಕಾಲಂ ಮಾಡಿಸಿದರು, ಚೆನ್ನಾಗಿಯೇ ಕಂಡಿತು. ಅಡಿಟಿಪ್ಪಣಿಗಳನ್ನು ಕಿತ್ತು ಲೇಖನದ ಕೊನೆಗೆ ಪಟ್ಟಿ ಹಾಕಿಸಿದರು, ಅದೂ ಸರಿ. ತಕರಾರು ಬಂದದ್ದು ಹೆಸರಿನಲ್ಲಿ. ಹೊರದೇಶದ ಪತ್ರಿಕೆಗಳಂತೆ ಬರೆದವರ ಮನೆತನದ ಹೆಸರನ್ನಷ್ಟೇ ಹಾಕಬೇಕಂತೆ. ನಮ್ಮವರಿಗೆ ಅದನ್ನು ಎಲ್ಲಿಂದ ತರುವುದು? ಇನಿಷಿಯಲ್ ಬಿಡಿಸಿ ಅದನ್ನೇ ಹಾಕಿ ಎಂದರು. ನಮ್ಮ ಕಡೆ ಇನಿಷಿಯಲ್ ಎಂದರೆ ಬಹುಪಾಲು ಊರು.

ಪ್ರೂಫ್ ಬಂತು. "ಹುಳುವಿಗೆ ದಿನಕ್ಕೆ ನಾಲ್ಕು ಸಲ ಸೊಪ್ಪು ಬೇಕು ಎನ್ನುತ್ತಾರೆ ಮೇಲೂರು. ಮೇಲೂರು ಇದನ್ನು ಒಪ್ಪುವುದಿಲ್ಲ."

ಬರೆದವರಿಬ್ಬರೂ ಮೇಲೂರಿನವರು, ಊರು ತನ್ನೊಂದಿಗೆ ತಾನೇ ಜಗಳಕ್ಕೆ ಬಿದ್ದಿತ್ತು! ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ನಗು ನಿಂತಿತು. ಆ ಒಪ್ಪದ ಮೇಲೂರು, ಶಿಡ್ಲಘಟ್ಟದಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಹುಡುಗಿ. ಬೇರೆಯವರ ಲೇಖನದಲ್ಲಿ ಅವಳ ಮಾತು ಬರುತ್ತಿದ್ದುದು ಅದೇ ಮೊದಲು. ಹಿಂದಿನ ವಾರ ಪ್ರೆಸ್ಸಿಗೆ ಬಂದು, "ಅಕ್ಕಾ, ನನ್ ಹೆಸ್ರು ಬರ್ತದಂತೆ. ನಮ್ಮಪ್ಪಂಗೆ ತೋರ್ಸಕ್ಕೆ ಒಂದ್ ಕಾಪಿ ಎತ್ತಿಡಿ" ಎಂದು ಹೇಳಿ ಹೋಗಿದ್ದಳು.

ಸಂಪಾದಕರಿಗೆ ಹೇಳಿದೆ.

"ನೀನು ಕಾಗುಣಿತ ನೋಡಮ್ಮ, ಸಾಕು. ರೂಲು ಅಂದ್ರೆ ರೂಲು."

ಆಗಲಿ ಎಂದುಕೊಂಡೆ. ಅವರ ಊರು ತೊಂಡೇಬಾವಿ. ಅಚ್ಚಿನ ಮೊಳೆ ಜೋಡಿಸುವ ಸಾಹೇಬರ ಬಳಿ ಹೋಗಿ ಕಿವಿಯಲ್ಲಿ ಹೇಳಿದೆ. "ಏನ್ ಕಿತಾಪತಿ ಬೇಟಿ ಇದು!" ಎನ್ನುತ್ತಲೇ ಅವರು ದಪ್ಪಕ್ಷರ ಆರಿಸಿಕೊಂಡರು.

ಮರುದಿನ ಸಂಪಾದಕರು ಮುಖಪುಟದ ಪ್ರೂಫ್ ಹಿಡಿದು ಬಂದರು. ಅದರಲ್ಲಿತ್ತು: "ಸಂಪಾದಕರು: ತೊಂಡೇಬಾವಿ."

"ಏನಮ್ಮ ಇದು? ನಾನೇನು ರೈಲ್ವೆ ಸ್ಟೇಷನ್ನಾ?"

"ರೂಲು ಅಂದ್ರೆ ರೂಲು ಅಲ್ವಾ ಸಾರ್?"

ಒಳಗಿನಿಂದ ಸಾಹೇಬರು, "ಪ್ಯಾಸೆಂಜರ್ ಗಾಡಿ ನಿಲ್ತದೆ ಸಾರ್, ಬೇಜಾರ್ ಮಾಡ್ಕೋಬೇಡಿ" ಎಂದರು.

ಸಂಪಾದಕರ ಮೀಸೆಯಡಿ ತುಟಿ ಅಲುಗಿತು. ಕುರ್ಚಿ ಎಳೆದುಕೊಂಡು ಪೆನ್ನು ಕೇಳಿದರು. ಸ್ವಂತ ಹೆಸರು ಮೊದಲು, ಇನಿಷಿಯಲ್ ಆಮೇಲೆ ಎಂದು ಹೊಸ ರೂಲು ಬರೆದು ಸಹಿ ಹಾಕಿದರು. ಸಾಹೇಬರು ಎರಡು ದಿನ ನನ್ನನ್ನು ಬೈದುಕೊಂಡೇ ಮೊಳೆ ಕಿತ್ತು ಜೋಡಿಸಿದರು.

ಸಂಚಿಕೆ ಬಂದ ದಿನ ಆ ಹುಡುಗಿ ಬಾಗಿಲಲ್ಲೇ ನಿಂತು ಪುಟ ತಿರುವಿದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು, ಕೊನೆಗೆ ದನಿ ಏರಿಸಿ, "ಇದನ್ನು ಒಪ್ಪುವುದಿಲ್ಲ!" ಎಂದಳು.

"ಇನ್ನೊಂದ್ ಸಲ ಓದಮ್ಮ," ಎಂದೆ. "ಸಾಹೇಬ್ರಿಗೆ ಕೇಳಿಸ್ಲಿಲ್ಲ."