ಹಾಲೆಂಡಿಗೆ ಹೋಗಬೇಕಿದ್ದ ಕಾರು

ಮಲ್ಕಪ್ಪ ಆಳಂದದ ದೌಲತರಾಯರಲ್ಲಿ ಡ್ರೈವರನಾಗಿ ಸೇರಿದ್ದು ತನ್ನ ಮದುವೆಯಾದ ವರ್ಷವೇ. "ನನ್ನ ಮಾರಿ ನೋಡೂಕಿಂತ ಮೊದಲ ಅದರ ಮಾರಿ ಒರಸ್ತಿದ್ದ" ಎಂದು ಅವನ ಹೆಂಡತಿ ದ್ರೌಪದಿ ಕಂಡವರಿಗೆಲ್ಲ ಹೇಳುತ್ತಿದ್ದಳು. ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಅದು ಅಮೆರಿಕದ ಷೆವರ್ಲೆ. ರಾಯರು ಹೈದರಾಬಾದಿನ ಯಾವುದೋ ನವಾಬರ ಮನೆಯಿಂದ ಕೊಂಡು ತಂದದ್ದು. ಕೆನೆ ಬಣ್ಣ, ಒಳಗೆ ಕೆಂಪು ತೊಗಲಿನ ಸೀಟು, ಮೇಲಿನ ಕ್ಯಾನ್ವಾಸ್ ಮಡಚಿ ಹಿಂದೆ ತಳ್ಳಿದರೆ ಪೂರ್ತಿ ಬಯಲು. ಆಳಂದದ ಧೂಳಿನಲ್ಲಿ ತಲೆಯ ಮೇಲೆ ಚಾವಣಿ ಇಲ್ಲದ ಕಾರು, ಎಂಥ ಶೋಕಿ ನೋಡಿ. ಅಮಾವಾಸ್ಯೆಗೊಮ್ಮೆ ಘತ್ತರಗಿಯ ದೇವಿ ಗುಡಿಗೆ ಹೋದರೆ, ರಾಯರು ಮೊದಲು ಹೊಳೆಗಿಳಿದು ಮಾರಿ ತೊಳೆಯಬೇಕು. ಇಲ್ಲದಿದ್ದರೆ ಪೂಜಾರಿಗೂ ಗುರುತು ಹತ್ತುತ್ತಿರಲಿಲ್ಲ.

ಆ ಗಾಡಿಗೆ ಬಿಡಿಭಾಗ ತರುವುದೆಲ್ಲಿಂದ? ಮಲ್ಕಪ್ಪ ಜೇವರ್ಗಿಯ ಕಮ್ಮಾರನ ಮುಂದೆ ಕೂತು ಬುಷ್ ಬಡಿಸಿದ, ಟ್ರ್ಯಾಕ್ಟರಿನ ಪಂಪು ಕಿತ್ತು ಇದಕ್ಕೆ ಕೂಡಿಸಿದ. ಹಾಗೆಯೇ ಇಪ್ಪತ್ತೆರಡು ವರ್ಷ ಓಡಿಸಿದ. ಮಕ್ಕಳಿಲ್ಲದ ಮನುಷ್ಯ, ಜನ ಏನಂದರೂ ಮಾಯೆ ಅದರ ಮೇಲೆಯೇ.

ರಾಯರು ತೀರಿಕೊಂಡ ಮೇಲೆ ಮಕ್ಕಳು ಪಾಲಿಗೆ ಕೂತರು. ಕಾರು ನಿಲ್ಲುವ ಪಡಸಾಲೆ ಕಿರಿಮಗನ ಪಾಲಿಗೆ ಬಂತು. ಅವನಿಗೆ ಅಲ್ಲಿ ಎಣ್ಣೆ ಗಿರಣಿ ಹಾಕಬೇಕಾಗಿತ್ತು. ರಾಯರ ಹೆಂಡತಿ ಹೀರಾಬಾಯಿ ಮಲ್ಕಪ್ಪನನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದಳು: "ಮಿರಗದ ಮಳಿ ಬರೂದ್ರಾಗ ಯಾರರೆ ಒಯ್ದ್ರ ಛಲೋ. ಇಲ್ಲಂದ್ರ ಗುಲಬರ್ಗಾದ ಗುಜರಿಯವಗ ಕೊಡ್ತಾರಪಾ. ನನ್ನ ಮಾತು ಯಾರು ಕೇಳ್ತಾರ ಈಗ?"

ಗಾಣಗಾಪುರ ನೋಡಲು ಬಂದ ಹಾಲೆಂಡಿನ ಸಾಹೇಬನೊಬ್ಬನ ಕಿವಿಗೆ ಈ ಕಾರಿನ ಸುದ್ದಿ ಬಿದ್ದದ್ದು ಆಗಲೇ. ಹಳೆಯ ಅಮೆರಿಕನ್ ಕಾರುಗಳನ್ನು ಹಡಗಿನಲ್ಲಿ ತನ್ನ ದೇಶಕ್ಕೆ ಒಯ್ದು ಮತ್ತೆ ನೆಟ್ಟಗೆ ಮಾಡಿ ನಿಲ್ಲಿಸುವುದು ಅವನ ಕಸುಬು. ಇಂಗ್ಲಿಷ್ ಮಾಸ್ತರ ಬಸವಂತರಾಯರನ್ನು ಜೊತೆಗೆ ಕರೆದುಕೊಂಡು ಬಂದ. ಕಾರಿನ ಸುತ್ತ ಎರಡು ತಾಸು ತಿರುಗಿದ. ಬಿರುಕುಬಿಟ್ಟ ತೊಗಲನ್ನು ಬೆರಳಲ್ಲಿ ಸವರಿದ, ಬಣ್ಣ ಹಾರಿದ ಕಡೆ ಬಗ್ಗಿ ನೋಡಿದ, ಎಂಜಿನ್ ಬದಿಯ ತುಕ್ಕು ಹಿಡಿದ ಅಂಗೈಯಗಲದ ತಗಡನ್ನು ಒರೆಸಿದ. ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡ. ಕಾಗದಪತ್ರ ಮಾಡಿಸಿಕೊಂಡು ಎರಡು ತಿಂಗಳಿಗೆ ಬರುತ್ತೇನೆಂದು ಹೋದ.

ಎಲ್ಲರೂ ಖುಷಿ. ಮಲ್ಕಪ್ಪನಿಗೆ ಮಾತ್ರ ಮುಖ ಎತ್ತದಷ್ಟು ನಾಚಿಕೆ. ಹೆಣ್ಣು ನೋಡಲು ಬಂದವರು ಕೂಸಿನ ಐಬುಗಳನ್ನೆಲ್ಲ ಬರೆದುಕೊಂಡು ಹೋದರೆ ಹೆತ್ತವರಿಗೆ ಹೇಗಾಗುತ್ತದೆ? "ಒಂದೊಂದು ಕುಂದು ಎಣಿಸಿ ಬರಕೊಂಡಾನ. ಹಿಂಗ ಕಳಿಸಿದ್ರ ಆ ಊರಾಗ ಇದಕ್ಕ ಏನು ಮರ್ಯಾದಿ?" ಎಂದು ದ್ರೌಪದಿಯ ಮುಂದೆ ಹೇಳಿಕೊಂಡ.

ಬೀಗರ ಮನೆಗೆ ಹೋಗುವವಳನ್ನು ಹರಕು ಸೀರೆಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿ ಯಾವ ಬಡವರ ಮನೆಯಲ್ಲೂ ಇಲ್ಲ. ಮಲ್ಕಪ್ಪ ಹೀರಾಬಾಯಿಯನ್ನು ಕೇಳಿದ. "ನಿನ್ನ ಕೂಸು, ನೀ ಮಾಡು" ಎಂದಳು ಆಕೆ. ಅಫಜಲಪುರದಿಂದ ಲಾರಿಗೆ ಬಣ್ಣ ಹಚ್ಚುವವನು ಬಂದ. ಹಳೆಯ ಬಣ್ಣವನ್ನು ತಗಡಿನ ತನಕ ಕೆರೆದು ಗಿಳಿಹಸಿರು ಹೊಡೆದರು, ಬಾಗಿಲಿಗೆ ಹೂಬಳ್ಳಿ ಬರೆಸಿದರು. ಹಳೆಯ ತೊಗಲನ್ನು ಕಿತ್ತೆಸೆದು, ಗಾದಿ ಹೊಲಿಯುವ ಚಾಂದಬೀ ಕೈಲಿ ರೆಕ್ಸಿನ್ ಹೊಲಿಸಿದರು. ಎಂಜಿನ್ ಬದಿಯ ತುಕ್ಕುತಗಡನ್ನು ಮಲ್ಕಪ್ಪ ಖುದ್ದು ಉಳಿಯಿಂದ ಎಬ್ಬಿಸಿ ತಿಪ್ಪೆಗೆ ಎಸೆದ. ತೂತುಗಳು ಕಾಣದಂತೆ ಮೆತ್ತಿದ.

ಸಾಹೇಬ ಬರುವ ದಿನ ದ್ರೌಪದಿ ಮುಂದಿನ ಸೀಟಿಗೆ ಉಡಿ ತುಂಬಿದಳು: ಅಕ್ಕಿ, ಉತ್ತತ್ತಿ, ಕೊಬ್ಬರಿ, ಒಂದು ಕುಬಸದ ಕಣ. ಓಣಿಯ ಹೆಂಗಸರು ನಕ್ಕರು, ಆಮೇಲೆ ತಾವೂ ಒಬ್ಬೊಬ್ಬರಾಗಿ ಕುಂಕುಮ ಹಚ್ಚಿದರು.

ಸಾಹೇಬ ಬಂದು ನೋಡಿದ. ಬಯ್ಯಲಿಲ್ಲ ಪುಣ್ಯಾತ್ಮ. ಬಾನೆಟ್ ಎತ್ತಿ, ಕೈಯಿಂದ ತಡವಿ ತಡವಿ ಹುಡುಕಿ, ಮಾಸ್ತರಿಗೆ ಏನೋ ಹೇಳಿದ.

"ಮಲ್ಕಪ್ಪ, ಇಲ್ಲೊಂದು ತಗಡಿತ್ತಂತಲ್ಲ, ಎಲ್ಲಿ?" ಎಂದರು ಮಾಸ್ತರು.

"ಅದು ತುಕ್ಕು ಹಿಡಿದಿತ್ರಿ ಸರ್, ತೆಗೆದು ಒಗದೇನಿ. ನೋಡ್ರಿ, ಗುರುತ ಸೈತ ಉಳಿಸಿಲ್ಲ" ಎಂದು ಮಲ್ಕಪ್ಪ ಹೆಮ್ಮೆಯಿಂದಲೇ ಹೇಳಿದ.

ಮಾಸ್ತರು ಅದನ್ನು ಸಾಹೇಬನಿಗೆ ಹೇಳಿ, ಅವನ ಮಾತು ಕೇಳಿ, ಮಲ್ಕಪ್ಪನ ಕಡೆ ತಿರುಗಿದರು. "ಕಾರಖಾನಿ ನಂಬರ ಅದರ ಮ್ಯಾಲೇ ಇತ್ತೋ. ಕಾಗದೆಲ್ಲ ಆ ನಂಬರಿಗೇ ಆಗ್ಯಾವ. ತಗಡಿಲ್ಲಂದ್ರ ಇದೇ ಕಾರು ಅಂತ ಬಂದರದಾಗ ಯಾರೂ ನಂಬಂಗಿಲ್ಲಂತ. ಆ ಹಳೀ ಬಣ್ಣ, ಹಳೀ ಸೀಟು ನೋಡೇ ಇವರು ಇದನ್ನ ಮೆಚ್ಚಿದ್ರು."

ಮಲ್ಕಪ್ಪ ತಿಪ್ಪೆಯ ಕಡೆ ಓಡಿದ. ತಿಪ್ಪೆ ಎಲ್ಲಿದೆ? ಮಳೆಗಾಲದ ಮುಂಚಿನ ದಿನಗಳು. ಗೊಬ್ಬರ ಬಂಡಿಯೇರಿ ಹೊಲ ಸೇರಿ ವಾರವಾಗಿತ್ತು. ಉರಿಬಿಸಿಲಿನಲ್ಲಿ ಮಾದನಹಿಪ್ಪರಗಾ ರಸ್ತೆಯ ಹೊಲಕ್ಕೆ ಹೋಗಿ, ಗೊಬ್ಬರದ ಗುಂಪೆಗಳನ್ನು ಒಂದೊಂದಾಗಿ ಬರಿಗೈಯಿಂದ ಕೆದರಿದ. ಕೈತುಂಬ ಗಾಯವಾಯಿತು, ತಗಡು ಸಿಗಲಿಲ್ಲ. ಸಾಹೇಬ ಸಂಜೆಯ ತನಕ ಕಾಯ್ದ. ಹೋಗುವಾಗ ಮಲ್ಕಪ್ಪನ ಕೈಯ ಮಣ್ಣನ್ನೂ ಲೆಕ್ಕಿಸದೆ ಎರಡೂ ಕೈ ಹಿಡಿದು ಹೋದ.

ಗುಜರಿಯವನು ಲಾರಿ ತರಬೇಕಾಗಲಿಲ್ಲ, ಕಾರು ಚೆನ್ನಾಗಿಯೇ ಓಡುತ್ತಿತ್ತಲ್ಲ. ಮಲ್ಕಪ್ಪನೇ ಗುಲಬರ್ಗಾದವರೆಗೆ ನಡೆಸಿಕೊಂಡು ಹೋದ. ಹಸಿರು ಬಣ್ಣ, ಹೂಬಳ್ಳಿ ನೋಡಿ ದಾರಿಯ ಜನ ಮದುವೆಯ ಗಾಡಿಯೆಂದು ಸರಿದು ನಿಂತರು. ಅಂಗಳದಲ್ಲಿ ಗುಜರಿಯವನು ಸೀಟು ಕೀಳುವಾಗ ಉಡಿಯ ಅಕ್ಕಿ ಸಂದಿಯಿಂದ ಸುರಿಯಿತು. ಅವನು ಕಾಲಿಂದ ಬದಿಗೆ ಸರಿಸಿ ಮೊದಲ ಪೆಟ್ಟು ಹಾಕಿದ. ಮಲ್ಕಪ್ಪ ಎರಡನೆಯ ಪೆಟ್ಟಿಗೆ ನಿಲ್ಲಲಿಲ್ಲ.

ಮನೆಗೆ ಬಂದವನ ಮುಂದೆ ದ್ರೌಪದಿ ರೊಟ್ಟಿಯ ತಾಟು ಇಟ್ಟಳು. "ಉಣ್ಣು. ನೀ ಬೇಕಂತ ಮಾಡಿದ್ದಲ್ಲ" ಎಂದಳು.

"ಇಪ್ಪತ್ತೆರಡು ವರ್ಷ ಏನೇನೋ ಮಾಡಿ ಅದನ್ನ ಉಳಿಸ್ದೆ" ಎಂದ ಮಲ್ಕಪ್ಪ. "ಈ ಎರಡು ತಿಂಗಳು ಏನೂ ಮಾಡದ ಸುಮ್ನ ಕುಂತಿದ್ರ ಅದು ಬದುಕ್ತಿತ್ತು."