ಟಿಕ್ ಎನ್ನದ ಮುಚ್ಚಳ

ಬಟ್ಟೆ ಒಗೆಯುವ ಮಿಷನ್ ಪೂರ್ತಿ ಸತ್ತಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಸ್ವಿಚ್ ಹಾಕಿದರೆ ದೀಪ ಹತ್ತುತ್ತಿತ್ತು, ಕುಂಯ್ ಎಂದು ಸದ್ದು ಮಾಡುತ್ತಿತ್ತು, ಅಂಕಿ ತೋರಿಸುತ್ತಿತ್ತು. ಶುರು ಮಾಡುವ ಗುಂಡಿ ಒತ್ತಿದರೆ ಮಾತ್ರ ಏನೂ ಆಗುತ್ತಿರಲಿಲ್ಲ. ನೀರು ಬೀಳುತ್ತಿರಲಿಲ್ಲ, ಡ್ರಮ್ ತಿರುಗುತ್ತಿರಲಿಲ್ಲ. ದೀಪ ಹತ್ತುತ್ತಿದ್ದುದರಿಂದ ಅದು ಕೆಟ್ಟಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಒಪ್ಪಲಿಲ್ಲ. ಕರೆಂಟು ಕಮ್ಮಿ ಇರಬೇಕು ಎಂದಳು ಅವ್ವ. ನೋಡೋಣ ಎಂದ ತಮ್ಮ.

ಗಂಡ ತೀರಿಕೊಂಡ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದೇನೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ತೋಟದ ಮನೆ. ಅವ್ವ, ತಮ್ಮ, ಅವನ ಹೆಂಡತಿ, ನಾನು, ಇಷ್ಟೇ ಜನ. ಮಿಷನ್ ಬಂದದ್ದು ತಮ್ಮನ ಹೆಂಡತಿಯ ಕೈ ಕಾರಣವಾಗಿ. ತೆಂಗಿನಕಾಯಿಯ ಮಟ್ಟೆ ಸುಲಿದವರ ಬಟ್ಟೆಗೆ ಹತ್ತುವ ಕಲೆ ಸುಮ್ಮನೆ ನೆನೆಸಿದರೆ ಹೋಗುವುದಲ್ಲ. ಕಲ್ಲಿನ ಮೇಲೆ ಹಾಕಿ, ಸೋಪು ಹಚ್ಚಿ, ಬ್ರಷ್ಷಿನಲ್ಲಿ ಉಜ್ಜಬೇಕು. ನಮ್ಮ ಬೋರಿನ ನೀರು ಗಡಸು. ಅವಳ ಬೆರಳ ಸಂದಿಗಳು ಬಿರಿದು ರಕ್ತ ಬರುತ್ತಿತ್ತು. ತುರುವೇಕೆರೆಯ ಡಾಕ್ಟರು ಸೋಪಿನ ನೀರಿಗೆ ಕೈ ಹಾಕಲೇಬಾರದು ಎಂದು ಹೇಳಿ ಕಳಿಸಿದ್ದರು.

ಅದನ್ನು ಕೇಳಿ ಹಂದನಕೆರೆಯ ಅವಳ ಅಣ್ಣ ಲಗೇಜ್ ಆಟೋದಲ್ಲಿ ಮಿಷನ್ ಹೇರಿಕೊಂಡು ಬಂದ. ಅಂಗಳದಲ್ಲಿ ಕಾಯಿ ಸುಲಿಯುವವರು ಕೂತಿದ್ದರು. ಅವರೆದುರಿಗೇ ನಗುತ್ತಾ ತಮ್ಮನಿಗೆ ಹೇಳಿದ: "ನಿಂಗೆ ಕೊಬ್ಬರಿ ಬಿಟ್ರೆ ಬೇರೆ ಕಾಣಕಿಲ್ಲ ಕಣ್ ಭಾವ. ನಮ್ ಹುಡ್ಗಿ ಕೈ ನೋಡಕ್ಕಾಗ್ದೆ ನಾನೇ ತಂದೆ." ಸುಲಿಯುವವರಲ್ಲಿ ಒಬ್ಬ ನಕ್ಕ. ತಮ್ಮನೂ ನಕ್ಕ. ಆ ನಗು ಮುಖದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಿತ್ತು. ಅದನ್ನು ನಾನು ನೋಡಿದ್ದೆ.

ಮಿಷನ್ ಇಡಲು ಜಾಗ ಸಿಕ್ಕಿದ್ದು ಬಚ್ಚಲ ಪಕ್ಕದಲ್ಲಿ, ಅಟ್ಟದ ಕೆಳಗೆ. ನಮ್ಮ ಕಡೆ ಅಟ್ಟವೆಂದರೆ ಕೊಬ್ಬರಿಯ ಅಟ್ಟ. ಬಲಿತ ಕಾಯಿಯನ್ನು ಮಟ್ಟೆಸಮೇತ ಅಲ್ಲಿ ಏರಿಸಿದರೆ ವರ್ಷದವರೆಗೂ ಕದಲಿಸುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟ ಬಿಟ್ಟು ಉಂಡೆಯಾಗಬೇಕು. ಬೇರೆ ಯಾವ ಸಾಮಾನಿಗೂ ಅಟ್ಟ ಜಾಗ ಬಿಟ್ಟುಕೊಡುವುದಿಲ್ಲ. ಅಟ್ಟದ ಹಲಗೆಗಳ ಸಂದಿಯಿಂದ ನಾರಿನ ಪುಡಿ ಸದಾ ಉದುರುತ್ತಿರುತ್ತದೆ. ಮಿಷನ್ನಿನ ಮೇಲೂ ಉದುರಿತು. ಅವಳು ದಿನಾ ಒರೆಸುತ್ತಿದ್ದಳು.

ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಕಿವಿಯಿಂದ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ. ನೀರಿದ್ದರೆ ಒಂದು ಸದ್ದು, ಉಂಡೆ ಕಳಚಿಕೊಂಡಿದ್ದರೆ ಇನ್ನೊಂದು ಸದ್ದು. ಇದರಲ್ಲಿ ನನ್ನ ತಮ್ಮನನ್ನು ಮೀರಿಸುವವರು ಸುತ್ತಮುತ್ತ ಇಲ್ಲ. ದಂಡಿನಶಿವರದ ಕಡೆಯಿಂದಲೂ ಅವನನ್ನು ಕರೆಸಿಕೊಂಡು ಅಟ್ಟ ನೋಡಿಸುತ್ತಾರೆ. ಅವನು ಅಲ್ಲಾಡಿಸಿ ಪಕ್ಕಕ್ಕಿಟ್ಟ ಕಾಯಿಯನ್ನು ಯಾರೂ ಎರಡನೇ ಸಲ ಅಲ್ಲಾಡಿಸುವುದಿಲ್ಲ.

ಮಿಷನ್ ನಿಂತ ದಿನ ಅವಳು ಅವನನ್ನು ಕರೆದಳು. ಅವನು ಬಂದು ಮುಚ್ಚಳ ಎತ್ತಿದ, ಹಾಕಿದ, ಮತ್ತೊಮ್ಮೆ ಎತ್ತಿ ಹಾಕಿದ. ಸ್ವಲ್ಪ ಹೊತ್ತು ತಲೆ ಓರೆ ಮಾಡಿಕೊಂಡು ನಿಂತ. ಆಮೇಲೆ, ಯಾವುದೋ ಪಾರ್ಟು ಹೋಗಿರಬೇಕು, ಕೊಬ್ಬರಿ ಹರಾಜಿನ ದಿನ ತಿಪಟೂರಿಗೆ ಹೋದಾಗ ತರುತ್ತೇನೆ ಎಂದು ತೋಟಕ್ಕೆ ಹೊರಟ.

ಹರಾಜಿನ ದಿನಗಳು ಬಂದವು, ಹೋದವು. ಒಮ್ಮೆ ಅಂಗಡಿ ಬಾಗಿಲು ಹಾಕಿತ್ತು. ಒಮ್ಮೆ ಮರೆತೇ ಹೋಯಿತು. ಒಮ್ಮೆ ಅವಳು ನೆನಪಿಸಿದ್ದಕ್ಕೆ, "ನಿಮ್ಮಣ್ಣ ತಂದಿದ್ದಲ್ವಾ, ಅವನನ್ನೇ ಕೇಳು" ಎಂದ. ಅವಳು ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಅವನು ಮತ್ತೆ ಬಂದು ಜನರ ಮುಂದೆ ಏನಾದರೂ ಅಂದಾನು ಎಂದು ಹೆದರಿದಳು. ರಿಪೇರಿಯವನಿಗೆ ಫೋನ್ ಮಾಡುತ್ತೇನೆ ಎಂದು ನಾನು ಹೇಳಿದಾಗ ತಮ್ಮ, ಯಾರ್‍ಯಾರೋ ಬಂದು ಸ್ಕ್ರೂ ಬಿಚ್ಚುವುದು ಬೇಡ, ನಾನು ನೋಡುತ್ತೇನೆ ಎಂದ. ಹಾಗಾದರೆ ಬಟ್ಟೆಯಾದರೂ ನಾನು ಒಗೆಯುತ್ತೇನೆ ಎಂದು ಬಕೆಟ್ಟು ಎತ್ತಿಕೊಂಡೆ. ಅವ್ವ ಬಿಡಲಿಲ್ಲ. ಮನೆಮಗಳ ಕೈಯಲ್ಲಿ ತಮ್ಮನ ಬಟ್ಟೆ ಒಗೆಸಬಾರದು, ಅದು ಮನೆಗೆ ಒಳ್ಳೆಯದಲ್ಲ ಎಂದಳು. ಸೊಸೆಯ ಕೈಯಿಂದ ಒಗೆಸಿದರೆ ಮನೆಗೆ ಏನೂ ಆಗುವುದಿಲ್ಲ.

ಹೀಗೆ ಅವಳು ಮತ್ತೆ ಕಲ್ಲಿನ ಮುಂದೆ ಕೂತಳು. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಳ್ಳುತ್ತಿದ್ದಳು. ಬ್ರಷ್ಷು ಆಡಿಸುವಷ್ಟರಲ್ಲಿ ಅದು ಹರಿದು ಒಳಗೆ ಸೋಪಿನ ನೀರು ನಿಲ್ಲುತ್ತಿತ್ತು. ಬಲಗೈಯ ತೋರುಬೆರಳು ಮೊದಲು ಕೆಂಪಾಯಿತು, ಆಮೇಲೆ ಊದಿತು. ಅರಿಶಿನ ಹಚ್ಚಿದಳು. ಒಂದು ಬೆಳಿಗ್ಗೆ ರೊಟ್ಟಿ ತಟ್ಟಲು ಕೂತವಳು ಹಿಟ್ಟಿನ ಮೇಲೆ ಕೈ ಇಟ್ಟು ಹಾಗೇ ಕೂತುಬಿಟ್ಟಳು. ಮೈ ಕೆಂಡದಂತೆ ಸುಡುತ್ತಿತ್ತು. ನಾನು ಹಂದನಕೆರೆಗೆ ಫೋನ್ ಮಾಡಿದೆ. ಅವಳ ಅಣ್ಣ ಕಾರು ತಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಈ ಸಲ ಅವನು ಯಾರ ಮುಂದೆಯೂ ಏನೂ ಅನ್ನಲಿಲ್ಲ. ಬೆರಳು ಕೊಯ್ದು ಕೀವು ತೆಗೆದರು. ಅಲ್ಲಿಂದ ಅವಳು ತವರಿಗೆ ಹೋದಳು.

ಅವಳು ಹೋದ ಮೇಲೆ ಬಚ್ಚಲ ಮೂಲೆಯಲ್ಲಿ ತಮ್ಮನ ಬಟ್ಟೆ ಗುಡ್ಡೆ ಬಿತ್ತು. ಅವ್ವನಿಗೆ ಬಗ್ಗಲು ಆಗದು. ನಾನು ಮುಟ್ಟುವಂತಿಲ್ಲ. ಹಾಕಿಕೊಳ್ಳಲು ಒಗೆದ ಅಂಗಿ ಇಲ್ಲವೆಂದಾದ ದಿನ, ಮಧ್ಯಾಹ್ನ ಉಂಡು ಎದ್ದವನು ಅವ್ವನ ಸೆರಗಿನ ಪಿನ್ನು ಇಸಿದುಕೊಂಡು ಮಿಷನ್ ಹತ್ತಿರ ಹೋದ. ಮುಚ್ಚಳ ಎತ್ತಿ, ಅದು ಕೂರುವ ಅಂಚಿನ ಸಣ್ಣ ಸಂದಿಯೊಳಕ್ಕೆ ಪಿನ್ನು ತೂರಿಸಿ ಕೆದಕಿದ. ನಾರಿನ ಪುಡಿ ತೇವಕ್ಕೆ ಗಟ್ಟಿಯಾಗಿ ಹುಣಸೆಬೀಜದಷ್ಟು ಗಂಟಾಗಿತ್ತು. ಅದು ಈಚೆ ಬಂತು. ಮುಚ್ಚಳ ಹಾಕಿದ. ಒಳಗೆಲ್ಲೋ ಟಿಕ್ ಎಂದಿತು. ಗುಂಡಿ ಒತ್ತಿದ. ನೀರು ಬೀಳತೊಡಗಿತು.

ಮುಚ್ಚಳ ಮುಚ್ಚಿದೆ ಎಂದು ಮಿಷನ್ನಿಗೆ ಗೊತ್ತಾಗುವುದು ಆ ಟಿಕ್‌ನಿಂದಲೇ. ಇಷ್ಟು ದಿನ ಅದು ಮುಚ್ಚಳ ತೆರೆದಿದೆ ಎಂದುಕೊಂಡು ಕಾಯುತ್ತಿತ್ತು.

ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಮೊದಲ್ನೇ ದಿನಾನೇ ಗೊತ್ತಾಯ್ತು ಕಣಕ್ಕ," ಎಂದ. "ಟಿಕ್ ಅನ್ನೋದು ನಿಂತೋಗಿತ್ತಲ್ಲ."

ಪಿನ್ನು ಒರೆಸಿ ಅವ್ವನಿಗೆ ಕೊಟ್ಟ. ಮುಖದಲ್ಲಿ ಅಳುಕು ಇರಲಿಲ್ಲ. ಕಾಯಿ ಅಲ್ಲಾಡಿಸಿ, ಇದು ಆಗಿದೆ, ಇದು ಆಗಿಲ್ಲ ಎನ್ನುವಾಗ ಇರುವಂಥ ಮುಖ. ನಾನು ಬಚ್ಚಲ ಕಟ್ಟೆಯ ಮೇಲೆ ಕೂತೆ. ಹಾಗಾದರೆ ಯಾಕೋ ಮಾಡಲಿಲ್ಲ ಎಂದು ಕೇಳುವಷ್ಟರಲ್ಲಿ ಅವನೇ ಹೇಳಿದ: "ಅವರಣ್ಣ ತಂದಿದ್ದು ಅಂತ ಊರೆಲ್ಲಾ ಆಗಿತ್ತು. ಇರ್ಲಿ ಬುಡು, ಹೆಂಗೋ ನಡೀತಿತ್ತಲ್ಲ."

ನಡೆಯುತ್ತಿದ್ದದ್ದು ಹೇಗೆಂದು ನಾನು ನೋಡಿದ್ದೆ. ಅವನೂ ನೋಡಿದ್ದ.

ಗಾಯ ಮಾಗಿದ ಮೇಲೆ ಅವಳು ಬಂದಳು. ತೋರುಬೆರಳು ಮಡಚುವುದಿಲ್ಲ. ತುತ್ತು ಕಲಸುವಾಗ ಅದೊಂದು ನೆಟ್ಟಗೆ ನಿಂತಿರುತ್ತದೆ, ಯಾರನ್ನೋ ತೋರಿಸುತ್ತಿರುವಂತೆ. ಬಂದ ಮರುದಿನ ಬಟ್ಟೆಗಳನ್ನು ಮಿಷನ್ನಿಗೆ ತುಂಬಿ ಮುಚ್ಚಳ ಹಾಕಿದಳು. ಟಿಕ್ ಎಂದಿತು. ಗುಂಡಿ ಒತ್ತದೆ ನನ್ನ ಕಡೆ ತಿರುಗಿದಳು.

"ಏನಾಗಿತ್ತಂತೆ ಅತ್ಗೆ?"

ನಾನು ಹೇಳಿದೆ. ನಾರಿನ ಗಂಟು, ಪಿನ್ನು, ಅವನು ಮೊದಲ ದಿನ ಕೇಳಿಸಿಕೊಂಡದ್ದು, ಆಮೇಲೆ ಆಡಿದ ಮಾತು, ಎಲ್ಲವನ್ನೂ ಆದ ಹಾಗೆಯೇ ಹೇಳಿದೆ. ಒಳಗಿನಿಂದ ಅವ್ವ ಕೆಮ್ಮಿದಳು. ನಾನು ನಿಲ್ಲಿಸಲಿಲ್ಲ.

ಅವಳು ಅಳಲಿಲ್ಲ. ಮುಚ್ಚಳ ಎತ್ತಿ, ಒಳಗೆ ಕೈ ಹಾಕಿ, ಅವನ ಅಂಗಿ, ಪಂಚೆ, ಬನೀನು ಒಂದೊಂದಾಗಿ ಆರಿಸಿ ತೆಗೆದು ಬಕೆಟ್ಟಿಗೆ ಹಾಕಿದಳು. ನೆಟ್ಟಗಿನ ಬೆರಳಿಗೆ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಂಡು ಮತ್ತೆ ಆರಿಸಿದಳು. ನಾನು ಕೈ ಹಾಕಲು ಹೋದಾಗ ಬೇಡವೆಂದಳು. ಬಕೆಟ್ಟನ್ನು ಒಗೆಯುವ ಕಲ್ಲಿನ ಹತ್ತಿರ ಇಟ್ಟು ಬಂದು, ಉಳಿದ ಬಟ್ಟೆಗಳ ಮೇಲೆ ಮುಚ್ಚಳ ಹಾಕಿ, ಗುಂಡಿ ಒತ್ತಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಮಿಷನ್ ತಪ್ಪದೆ ಓಡುತ್ತದೆ. ಅವಳ ಬಟ್ಟೆ, ಅವ್ವನದು, ನನ್ನದು. ತಮ್ಮನ ಬಕೆಟ್ಟು ಕಲ್ಲಿನ ಹತ್ತಿರ ಇರುತ್ತದೆ. ಎರಡು ಸಲ ಅವ್ವ ಸೊಸೆಯನ್ನು ಬೈದಳು, ಆಮೇಲೆ ಸುಮ್ಮನಾದಳು. ಈಗ ಅವನೇ ಕೂತು ಬ್ರಷ್ಷು ಆಡಿಸುತ್ತಾನೆ. ಕಾಯಿ ಕಲೆ ಪೂರ್ತಿ ಹೋಗುವುದಿಲ್ಲ. ಅವನು ಅಟ್ಟದ ಮೇಲೆ ಕಾಯಿ ಅಲ್ಲಾಡಿಸುತ್ತಿರುವಾಗ ಕೆಳಗೆ ಅವಳು ಮುಚ್ಚಳ ಹಾಕಿದರೆ, ಮೇಲಿನ ಸದ್ದು ಒಂದು ಗಳಿಗೆ ನಿಲ್ಲುತ್ತದೆ. ಅವನಿಗೆ ಕೇಳಿಸಿದೆ ಎಂದು ನನಗೆ ಗೊತ್ತಾಗುತ್ತದೆ. ಅವಳಿಗೂ ಗೊತ್ತಾಗುತ್ತದೆ.